ಇಲೊಯಿಲೊ ನಗರದ ಆಹಾರ ಪದ್ಧತಿ

ಇಲೊಯಿಲೊ ಆಹಾರ ಪದ್ಧತಿ ಎಂಬುದು ಫಿಲಿಪೈನ್ಸ್‌ನ ಪನಾಯ್ ದ್ವೀಪದ ದಕ್ಷಿಣ ಕರಾವಳಿಯ ಬಂದರು ನಗರವಾದ ಇಲೊಯಿಲೊದ ಮಾರುಕಟ್ಟೆ, ಬೀದಿ, ಬೇಕರಿ ಮತ್ತು ಹೋಟೆಲುಗಳಲ್ಲಿ ರೂಢಿಯಲ್ಲಿರುವ ಅಡುಗೆ, ತಿಂಡಿ ಹಾಗೂ ಊಟದ ಕ್ರಮಗಳ ಒಟ್ಟು ಹೆಸರು. ಇಲ್ಲಿನ ಜನರನ್ನು ಇಲೊಂಗೊಗಳೆಂದು ಕರೆಯುತ್ತಾರೆ. ಅವರ ಮಾತು ಹಿಲಿಗಾಯ್ನೋನ್. ಹಂದಿಮಾಂಸದ ನೂಡಲ್ಸ್ ಸಾರಾದ ಬಾಚೊಯ್, ಮಾಂಸ ತುಂಬಿದ ಕಣಕದ ಸಾರಾದ ಪನ್ಸಿತ್ ಮೋಲೊ, ಕೆಂಡದಲ್ಲಿ ಸುಟ್ಟ ಕೋಳಿಯಾದ ಇನಾಸಾಲ್ ಮತ್ತು ತೊಗರಿ ಹಾಕಿದ ಹುಳಿಸಾರು ಈ ಪದ್ಧತಿಯ ಮುಖ್ಯ ಖಾದ್ಯಗಳು. 2023ರ ಅಕ್ಟೋಬರ್ 31ರಂದು ಯುನೆಸ್ಕೊ ತನ್ನ ಸೃಜನಶೀಲ ನಗರಗಳ ಜಾಲದಲ್ಲಿ ಪಾಕಕಲೆಯ ವಿಭಾಗಕ್ಕೆ ಇಲೊಯಿಲೊವನ್ನು ಸೇರಿಸಿಕೊಂಡಿತು. ಈ ವಿಭಾಗದಲ್ಲಿ ಸ್ಥಾನ ಪಡೆದ ಮೊದಲ ಫಿಲಿಪೈನ್ ನಗರ ಇದೇ.

ನಗರ ಮತ್ತು ಅದರ ಭಾಗಗಳು

2020ರ ಜನಗಣತಿಯಂತೆ ನಗರದ ಜನಸಂಖ್ಯೆ 4,57,626. ಆಡಳಿತಕ್ಕಾಗಿ ಇದನ್ನು ಏಳು ಭಾಗಗಳಾಗಿ ವಿಂಗಡಿಸಲಾಗಿದೆ: ನಗರ ಕೇಂದ್ರ, ಲಾ ಪಾಸ್, ಲಾಪುಸ್, ಹಾರೊ, ಮೋಲೊ, ಮಂಡುರಿಯಾವೊ ಮತ್ತು ಅರೆವಾಲೊ. ಇವುಗಳಲ್ಲಿ ಹಲವು ಒಂದು ಕಾಲಕ್ಕೆ ಬೇರೆ ಬೇರೆ ಊರುಗಳಾಗಿದ್ದು, ತಮ್ಮದೇ ಚರ್ಚು, ಚೌಕ, ಮಾರುಕಟ್ಟೆಗಳನ್ನು ಇಂದಿಗೂ ಉಳಿಸಿಕೊಂಡಿವೆ. ಇಲ್ಲಿನ ಆಹಾರವನ್ನು ಅರಿಯಲು ಈ ಸಂಗತಿ ಬಹಳ ಮುಖ್ಯ. ಬಾಚೊಯ್‌ಗೆ ಲಾ ಪಾಸ್, ಪನ್ಸಿತ್‌ಗೆ ಮೋಲೊ, ಬಿಸ್ಕತ್ತಿಗೆ ಮೋಲೊ ಮತ್ತು ಹಾರೊ, ಸುಟ್ಟ ಕೋಳಿ ಹಾಗೂ ಸಮುದ್ರಾಹಾರಕ್ಕೆ ಅರೆವಾಲೊ ಎಂದು ಒಂದೊಂದು ಖಾದ್ಯಕ್ಕೂ ಒಂದೊಂದು ಕೇರಿಯ ಹೆಸರು ಅಂಟಿಕೊಂಡಿದೆ.

ನಗರದ ಎದುರಿಗೆ, ಕಿರಿದಾದ ಜಲಸಂಧಿಯ ಆಚೆ, ಮಾವಿಗೆ ಹೆಸರಾದ ಗಿಮಾರಾಸ್ ದ್ವೀಪವಿದೆ. ಹಿಂಭಾಗದಲ್ಲಿ ಪನಾಯ್ ದ್ವೀಪದ ಭತ್ತದ ಬಯಲು ಹರಡಿಕೊಂಡಿದೆ. ಕರಾವಳಿಯುದ್ದಕ್ಕೂ ಮೀನು ಸಾಕಣೆಯ ಕೊಳಗಳಿವೆ. ಈ ಮೂರೂ ಸೇರಿ ನಗರದ ಅಡುಗೆಮನೆಗೆ ಸಾಮಗ್ರಿ ಒದಗಿಸುತ್ತವೆ.

ಹುಟ್ಟು ಮತ್ತು ಇತಿಹಾಸ

ಸ್ಪ್ಯಾನಿಷರು ಬರುವ ಮೊದಲೇ ಅನ್ನ, ಮೀನು, ತೆಂಗು ಮತ್ತು ಹುಳಿಕಾಯಿಗಳನ್ನು ಆಧರಿಸಿದ ಅಡುಗೆ ಪನಾಯ್‌ನಲ್ಲಿತ್ತು. 1581ರಲ್ಲಿ ಸ್ಪ್ಯಾನಿಷ್ ಗವರ್ನರ್ ಗೊನ್ಸಾಲೊ ರೊಂಕಿಯೊ ಅರೆವಾಲೊ ಪಟ್ಟಣವನ್ನು ಸ್ಥಾಪಿಸಿದ. ಸ್ಪ್ಯಾನಿಷರೊಂದಿಗೆ ಗೋಧಿಯ ಬ್ರೆಡ್ಡು, ಬಿಸ್ಕತ್ತು ಮತ್ತು ಅವರ ಅಮೆರಿಕದ ವಸಾಹತುಗಳ ಕೋಕೊ ಬಂದವು. ಮೋಲೊ ಚೀನೀ ವರ್ತಕರ ವಸತಿಯಾಗಿ ಬೆಳೆಯಿತು. ನೂಡಲ್ಸ್, ಕಣಕದ ಹಾಳೆಯಲ್ಲಿ ಮಾಂಸ ತುಂಬುವ ಕ್ರಮ, ಸೋಯಾ ಸಾಸು, ಹಬೆಯಲ್ಲಿ ಬೇಯಿಸುವ ಸಿಯೊಪಾವೊ ಎಂಬ ಬನ್ನು ಇವರ ಮೂಲಕ ಊರಿನೊಳಗೆ ಬಂದವು.

1855ರಲ್ಲಿ ಇಲೊಯಿಲೊ ಬಂದರನ್ನು ವಿದೇಶಿ ವ್ಯಾಪಾರಕ್ಕೆ ತೆರೆದದ್ದು ದೊಡ್ಡ ತಿರುವು. ಮರುವರ್ಷ ಬ್ರಿಟಿಷ್ ಉಪ ಕಾನ್ಸಲ್ ಆಗಿ ಬಂದ ನಿಕೊಲಸ್ ಲೋನಿ ಸಕ್ಕರೆಯ ಉದ್ಯಮಕ್ಕೆ ಒತ್ತಾಸೆಯಾಗಿ ನಿಂತ. ಬ್ರಿಟಿಷ್ ಗಿರಣಿ ಬಟ್ಟೆಯ ಪೈಪೋಟಿಯಿಂದ ಊರಿನ ಕೈಮಗ್ಗ ಕುಸಿಯಿತು. ಎದುರಿನ ನೆಗ್ರೋಸ್ ದ್ವೀಪದ ಕಬ್ಬಿನ ತೋಟಗಳಿಂದ ಸಕ್ಕರೆ ಈ ಬಂದರಿಗೆ ಬಂದು ಹಡಗು ಹತ್ತತೊಡಗಿತು. ಸಕ್ಕರೆಯಿಂದ ಸಿರಿವಂತರಾದ ಮನೆತನಗಳು ಹಾರೊ ಮತ್ತು ಮೋಲೊಗಳಲ್ಲಿ ಬಂಗಲೆ ಕಟ್ಟಿದವು. ಬೆಣ್ಣೆ, ಸಕ್ಕರೆ, ಮೊಟ್ಟೆಯ ಹಳದಿ ಧಾರಾಳವಾಗಿ ಬಳಸುವ ತಿನಿಸುಗಳು ಆ ಮನೆಗಳ ಅಡುಗೆಯಲ್ಲಿ ಬೆಳೆದವು. ಇದೇ ಹೊತ್ತಿನಲ್ಲಿ ಮಾರುಕಟ್ಟೆಯ ಹಮಾಲಿಗಳು, ಕಟುಕರು ಮತ್ತು ವ್ಯಾಪಾರಿಗಳು ಅಗ್ಗದ ಮಾಂಸದ ತುಂಡುಗಳಿಂದ ಬೇರೊಂದು ಅಡುಗೆಯನ್ನು ಕಟ್ಟಿದರು. ಇಂದು ನಗರವನ್ನು ಪ್ರತಿನಿಧಿಸುವ ಖಾದ್ಯಗಳಲ್ಲಿ ಮಾರುಕಟ್ಟೆಯ ಈ ಅಡುಗೆಯದೇ ಮೇಲುಗೈ.

ಮೂಲ ಪದಾರ್ಥಗಳು

ಅನ್ನವೇ ಊಟದ ಆಧಾರ. ಹುಳಿ, ಉಪ್ಪು ಮತ್ತು ಹೊಗೆ ಈ ಅಡುಗೆಯ ಮುಖ್ಯ ರುಚಿಗಳು. ಖಾರ ಕಡಿಮೆ, ಬೇಕಾದವರು ಮೇಲಿಂದ ಹಾಕಿಕೊಳ್ಳುತ್ತಾರೆ.

ಹುಳಿಗೆ ಇಲ್ಲಿ ಬಾತ್ವಾನ್ ಎಂಬ ಹಸಿರು ಕಾಯಿಯನ್ನು ಬಳಸುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಇದು ಗಾರ್ಸಿನಿಯಾ ಕುಲಕ್ಕೆ ಸೇರಿದ್ದು. ಪಶ್ಚಿಮ ಘಟ್ಟದ ಮುರುಗಲು ಮತ್ತು ಉಪ್ಪಾಗೆ ಇದೇ ಕುಲದವು. ಲುಜಾನ್ ದ್ವೀಪದಲ್ಲಿ ಸಾರಿಗೆ ಹುಣಸೆಯ ಬಳಕೆ ಹೆಚ್ಚು. ಬಾತ್ವಾನ್ ಪನಾಯ್ ಮತ್ತು ನೆಗ್ರೋಸ್ ದ್ವೀಪಗಳ ಗುರುತು. ಹುಣಸೆಗಿಂತ ಇದರ ಹುಳಿ ತೆಳು, ನಾಲಗೆಗೆ ಒಗರು ಅಂಟುವುದಿಲ್ಲ.

ಕಾದ್ಯೋಸ್ ಎಂದು ಕರೆಯುವ ಕಾಳು ನಮ್ಮ ತೊಗರಿಯೇ. ತೊಗರಿಯ ತವರು ಭಾರತ. ಬೇಳೆ ಒಡೆದು ತಿನ್ನುವ ರೂಢಿ ಇಲೊಯಿಲೊದಲ್ಲಿಲ್ಲ. ಕಪ್ಪು ನೇರಳೆ ಬಣ್ಣದ ಇಡೀ ಕಾಳನ್ನೇ ಬೇಯಿಸುತ್ತಾರೆ. ಬೇಯುತ್ತಾ ಹೋದಂತೆ ಸಾರು ಕಂದು ನೇರಳೆಗೆ ತಿರುಗುತ್ತದೆ. ಎಳೆಯ ಹಲಸಿನಕಾಯಿ, ಬಾಳೆದಿಂಡು, ನುಗ್ಗೆಸೊಪ್ಪು, ಕೆಸುವಿನ ಬಳ್ಳಿ, ಬೆಂಡೆ ಮತ್ತು ಸಿಹಿಗುಂಬಳ ದಿನಬಳಕೆಯ ತರಕಾರಿಗಳು.

ಗಿನಾಮೋಸ್ ಎಂಬುದು ಸಣ್ಣ ಸೀಗಡಿ ಅಥವಾ ಮೀನನ್ನು ಉಪ್ಪು ಹಾಕಿ ಹುದುಗಿಸಿ ಅರೆದ ಗೊಜ್ಜು. ಸಾರಿನ ತಳದ ರುಚಿ ಇದರದು. ತೆಂಗಿನ ವಿನೆಗರ್‌ಗೆ ಹಸಿಮೆಣಸು, ಬೆಳ್ಳುಳ್ಳಿ, ಶುಂಠಿ ಹಾಕಿ ಬಾಟಲಿಯಲ್ಲಿ ನೆನೆಸಿಟ್ಟರೆ ಅದು ಸಿನಾಮಾಕ್. ಸುಟ್ಟ ಮಾಂಸ ಅಥವಾ ಸುಟ್ಟ ಮೀನು ಬಡಿಸುವ ಮೇಜಿನ ಮೇಲೆ ಈ ಬಾಟಲಿ ಇರಲೇಬೇಕು. ಕಲಮಾನ್ಸಿ ಎಂಬ ಗೋಲಿಗಾತ್ರದ ನಿಂಬೆ, ಮಜ್ಜಿಗೆಹುಲ್ಲು ಮತ್ತು ಎಣ್ಣೆಗೆ ಕೆಂಪು ಬಣ್ಣ ಕೊಡುವ ಅಚ್ವೆತೆ ಬೀಜ ಉಳಿದ ಮುಖ್ಯ ಸಂಬಾರಗಳು.

ಮೀನುಗಳಲ್ಲಿ ಬಂಗುಸ್ ಮುಂದಿನ ಸಾಲಿನಲ್ಲಿದೆ. ಕರ್ನಾಟಕದ ಕರಾವಳಿಯಲ್ಲಿ ಹೂಮೀನು ಎಂದು ಗೊತ್ತಿರುವುದು ಇದೇ ಜಾತಿ. ನಗರಕ್ಕೆ ಹತ್ತಿರದ ತಿಗ್ಬಾವಾನ್‌ನಲ್ಲಿ ಆಗ್ನೇಯ ಏಷ್ಯಾ ಮೀನುಗಾರಿಕೆ ಅಭಿವೃದ್ಧಿ ಕೇಂದ್ರದ ಜಲಕೃಷಿ ವಿಭಾಗ 1973ರಿಂದ ಕೆಲಸ ಮಾಡುತ್ತಿದ್ದು, ಹೂಮೀನು ಮತ್ತು ಸೀಗಡಿ ಸಾಕಣೆಯ ಸಂಶೋಧನೆಗೆ ಹೆಸರಾಗಿದೆ.

ಪ್ರಮುಖ ಖಾದ್ಯಗಳು

ಬಾಚೊಯ್: ಲಾ ಪಾಸ್ ಸಾರ್ವಜನಿಕ ಮಾರುಕಟ್ಟೆಯಲ್ಲಿ ಹುಟ್ಟಿದ ಈ ಸಾರನ್ನು ಲಾ ಪಾಸ್ ಬಾಚೊಯ್ ಎಂದೇ ಕರೆಯಬೇಕು. ಲುಜಾನ್‌ನಲ್ಲಿ ಇದೇ ಹೆಸರಿನಿಂದ ಕರೆಯುವ ಶುಂಠಿಸಾರು ಬೇರೆ ಖಾದ್ಯ. ರೂಢಿಯಲ್ಲಿರುವ ಕಥನದಂತೆ 1938ರಲ್ಲಿ ಫೆಡೆರಿಕೊ ಗಿಯೆರ್ಗಾನ್ ಎಂಬವರು ಇದನ್ನು ಮಾರುಕಟ್ಟೆಯಲ್ಲಿ ಮಾರತೊಡಗಿದರು. ಡೆಕೋಸ್ ಎಂಬ ಅಂಗಡಿ ಅವರ ಹೆಸರಿನ ಮೇಲೆ ನಿಂತಿದೆ. ಅದೇ ಮನೆತನದ ನೆತೋಂಗ್ಸ್ ಮತ್ತು 1945ರಲ್ಲಿ ತೆಯೊಡೊರಿಕೊ ಲೆಪುರಾ ಆರಂಭಿಸಿದ ಟೆಡ್ಸ್ ಓಲ್ಡ್‌ಟೈಮರ್ ಉಳಿದ ಎರಡು ಪ್ರಸಿದ್ಧ ಅಂಗಡಿಗಳು. ಟೆಡ್ಸ್ ಮುಂದೆ ನಗರದಾಚೆಗೂ ಶಾಖೆಗಳನ್ನು ತೆರೆಯಿತು.

ಹಂದಿಮೂಳೆ ಮತ್ತು ಒಳಾಂಗಗಳನ್ನು ಗಿನಾಮೋಸ್‌ನೊಂದಿಗೆ ತಾಸುಗಟ್ಟಲೆ ಕುದಿಸಿ ಸಾರು ತಯಾರಿಸುತ್ತಾರೆ. ಗಿರಾಕಿ ಬಂದ ಮೇಲೆ ಬೋಗುಣಿ ತುಂಬುವ ಕೆಲಸ ಶುರುವಾಗುತ್ತದೆ. ಮಿಕಿ ಎಂಬ ದುಂಡನೆಯ ಹಳದಿ ನೂಡಲ್ಸನ್ನು ಜಾಲರಿ ಸೌಟಿನಲ್ಲಿಟ್ಟು ಕುದಿನೀರಿಗೆ ಅದ್ದಿ ತೆಗೆಯುತ್ತಾರೆ. ಅದರ ಮೇಲೆ ತೆಳ್ಳಗೆ ಹೆಚ್ಚಿದ ಹಂದಿಮಾಂಸ, ಲಿವರ್, ಕಿಡ್ನಿ ಮತ್ತು ಗುಂಡಿಗೆಯ ಚೂರುಗಳನ್ನು ಹರಡಿ, ಬಿಸಿ ಸಾರು ಸುರಿಯುತ್ತಾರೆ. ಕೊನೆಗೆ ಪುಡಿಮಾಡಿದ ಚಿಚರೋನ್ (ಹುರಿದ ಹಂದಿ ಚರ್ಮ), ಕೆಂಪಗೆ ಕರಿದ ಬೆಳ್ಳುಳ್ಳಿ ಮತ್ತು ಈರುಳ್ಳಿ ಸೊಪ್ಪು ಉದುರಿಸುತ್ತಾರೆ. ಕೇಳಿದವರಿಗೆ ಹಸಿ ಮೊಟ್ಟೆಯನ್ನು ಒಡೆದು ಹಾಕುತ್ತಾರೆ. ಸಾರಿನ ಬಿಸಿಯಲ್ಲೇ ಅದು ಅರೆಬೆಂದು ಸಾರನ್ನು ಮಂದವಾಗಿಸುತ್ತದೆ. ಮೂಳೆಯೊಳಗಿನ ಮಜ್ಜೆಯನ್ನು ಹಾಕಿಸಿಕೊಂಡರೆ ಬೆಲೆ ಹೆಚ್ಚು. ಜೊತೆಗೆ ಪಾನ್ ದೆ ಸಾಲ್ ಎಂಬ ಸಣ್ಣ ಬನ್ನು ಅಥವಾ ಅಕ್ಕಿಹಿಟ್ಟಿನ ಪುತೊ ಇರುತ್ತದೆ. ಅದನ್ನು ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ನೂಡಲ್ಸ್ ಮುಗಿಯುವ ಮೊದಲೇ ಸಾರು ಖಾಲಿಯಾದರೆ ಮತ್ತೆ ಪುಕ್ಕಟೆ ಸಾರು ಹಾಕುವುದು ಹಳೆಯ ಅಂಗಡಿಗಳ ಪದ್ಧತಿ. ಬಾಚೊಯ್‌ಗೆ ಹೊತ್ತಿನ ಕಟ್ಟುಪಾಡಿಲ್ಲ. ಬೆಳಗಿನ ತಿಂಡಿಗೂ ಸಂಜೆಗೂ ನಡುರಾತ್ರಿಗೂ ಇದು ಸಲ್ಲುತ್ತದೆ.

ಪನ್ಸಿತ್ ಮೋಲೊ: ಫಿಲಿಪೈನ್ಸ್‌ನಲ್ಲಿ ಪನ್ಸಿತ್ ಎಂದರೆ ಸಾಮಾನ್ಯವಾಗಿ ನೂಡಲ್ಸ್. ಮೋಲೊದ ಪನ್ಸಿತ್‌ನಲ್ಲಿ ಮಾತ್ರ ಎಳೆಗಳಿಲ್ಲ. ಕೊಚ್ಚಿದ ಹಂದಿಮಾಂಸ ಮತ್ತು ಸೀಗಡಿಯನ್ನು ತೆಳು ಕಣಕದ ಹಾಳೆಯಲ್ಲಿ ಮಡಚಿ, ಕೋಳಿಸಾರಿನಲ್ಲಿ ಬೇಯಿಸಿ, ಕರಿದ ಬೆಳ್ಳುಳ್ಳಿ ಮತ್ತು ಈರುಳ್ಳಿ ಸೊಪ್ಪು ಹಾಕುತ್ತಾರೆ. ಬಾಚೊಯ್ ಮಾರುಕಟ್ಟೆಯದಾದರೆ ಇದು ಮನೆಯ ಔತಣದ್ದು.

ಇನಾಸಾಲ್: ವಿನೆಗರ್, ಕಲಮಾನ್ಸಿ, ಮಜ್ಜಿಗೆಹುಲ್ಲು, ಶುಂಠಿ, ಬೆಳ್ಳುಳ್ಳಿಯಲ್ಲಿ ನೆನೆಸಿದ ಕೋಳಿಯನ್ನು ಬಿದಿರಕಡ್ಡಿಗೆ ಚುಚ್ಚಿ, ಅಚ್ವೆತೆ ಎಣ್ಣೆ ಸವರುತ್ತಾ ಇದ್ದಿಲ ಕೆಂಡದ ಮೇಲೆ ಸುಡುತ್ತಾರೆ. ಎದೆ, ಕಾಲು, ರೆಕ್ಕೆ, ಲಿವರ್ ಎಂದು ಭಾಗ ಹೆಸರಿಸಿ ಕೇಳಬೇಕು. ನೆಗ್ರೋಸ್‌ನ ಬಕೊಲೊಡ್ ನಗರ ಇನಾಸಾಲ್‌ಗೆ ಹೆಚ್ಚು ಪ್ರಸಿದ್ಧ. ಆದರೂ ಪನಾಯ್ ಮತ್ತು ನೆಗ್ರೋಸ್ ಎರಡೂ ದ್ವೀಪಗಳಲ್ಲಿ ಇದು ಸಮಾನವಾಗಿ ಬಳಕೆಯಲ್ಲಿದೆ. ಅರೆವಾಲೊದ ಕಡಲದಡದ ತತೊಯ್ಸ್ ಮನೊಕಾನ್ ಇನ್ನೊಂದು ಬಗೆಗೆ ಹೆಸರುವಾಸಿ: ಊರಿನ ನಾಟಿ ಕೋಳಿಯ ಹೊಟ್ಟೆಗೆ ಮಜ್ಜಿಗೆಹುಲ್ಲು ತುರುಕಿ ಇಡಿಯಾಗಿ ತಿರುಗಿಸುತ್ತಾ ಸುಡುವುದು. ಪನಾಯ್‌ನ ಈ ನಾಟಿ ತಳಿಗೆ ದಾರಾಗ್ ಎಂದು ಹೆಸರು.

ಕಾದ್ಯೋಸ್ ಸಾರುಗಳು: ಕೆಬಿಎಲ್ ಎಂಬ ಚುಟುಕು ಹೆಸರಿನ ಖಾದ್ಯದಲ್ಲಿ ಕಾದ್ಯೋಸ್, ಬಾಬೊಯ್ (ಹಂದಿ) ಮತ್ತು ಲಾಂಕಾ (ಹಲಸು) ಸೇರಿವೆ. ಕೆಂಡದಲ್ಲಿ ಸುಟ್ಟ ಹಂದಿಯ ಕಾಲು, ನೆನೆಸಿದ ತೊಗರಿಕಾಳು, ಎಳೆ ಹಲಸಿನ ತುಂಡುಗಳನ್ನು ಒಟ್ಟಿಗೆ ಬೇಯಿಸಿ ಬಾತ್ವಾನ್ ಹುಳಿ ಹಾಕುತ್ತಾರೆ. ಕೋಳಿ ಮತ್ತು ಬಾಳೆದಿಂಡು ಹಾಕಿದರೆ ಅದು ಕೆಎಂಯು. ಇಲೊಂಗೊ ಮನೆಯ ನಿಜವಾದ ದಿನದ ಅಡುಗೆ ಈ ಸಾರುಗಳೇ. ಹೊರಗಿನವರಿಗೆ ಬಾಚೊಯ್ ಪರಿಚಯವಾದಷ್ಟು ಇವು ಪರಿಚಯವಾಗಿಲ್ಲ.

ಇತರ: ಲಾಸ್ವಾ ಎಂಬುದು ಸೊಪ್ಪು, ಬೆಂಡೆ, ಕುಂಬಳ, ಬದನೆಗಳ ತಿಳಿಸಾರು. ತಿನುವೊಮ್ ಎಂದರೆ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಕೋಳಿ. ಇದು ಹತ್ತಿರದ ಕಬಾತುವಾನ್ ಊರಿನದು. ಎಳನೀರು ಮತ್ತು ಎಳೆಗಾಯಿಯ ಗಂಜಿ ಹಾಕಿದ ಕೋಳಿಸಾರು ಬಿನಾಕೋಲ್.

ಬೀದಿ ತಿಂಡಿಗಳು

ಬೀದಿ ಆಹಾರ ಎರಡು ಬಗೆಯದು. ಮೊದಲನೆಯದು ದೇಶದುದ್ದಕ್ಕೂ ಸಿಗುವಂಥದ್ದು: ಬಾಣಲೆಯಿಂದ ಕಡ್ಡಿಗೆ ಚುಚ್ಚಿ ಸಾಸಿಗೆ ಅದ್ದಿ ಕೊಡುವ ಫಿಶ್‌ಬಾಲ್, ಕೇಸರಿ ಬಣ್ಣದ ಹಿಟ್ಟಿನಲ್ಲಿ ಕರಿದ ಲಾವಕ್ಕಿ ಮೊಟ್ಟೆಯ ಕ್ವೆಕ್‌ಕ್ವೆಕ್, ಕೋಳಿಯ ಕರುಳನ್ನು ಸುಟ್ಟ ಇಸಾವ್, ಮರಿ ಕಟ್ಟಿದ ಬಾತುಮೊಟ್ಟೆಯ ಬಾಲುತ್. ಬೆಳಿಗ್ಗೆ ಹೊತ್ತು ತರುವ ತಾಹೊ ಮೃದುವಾದ ತೋಫು, ಬೆಲ್ಲದ ಬಣ್ಣದ ಸಕ್ಕರೆಪಾಕ ಮತ್ತು ಸಬ್ಬಕ್ಕಿ ಕಾಳುಗಳ ಬೆರಕೆ.

ಎರಡನೆಯದು ಈ ಸೀಮೆಯ ತಿನಿಸು. ಸಬಾ ಎಂಬ ಅಡುಗೆ ಬಾಳೆಯನ್ನು ಬೀಸಣಿಗೆಯಾಕಾರಕ್ಕೆ ಸೀಳಿ, ಹಿಟ್ಟಿನಲ್ಲಿ ಅದ್ದಿ ಕರಿದರೆ ಪಿನಾಯ್ಪಾಯ್. ಅದೇ ಬಾಳೆಯ ತೆಳು ಹೋಳನ್ನು ಪಾಕದಲ್ಲಿ ಕರಿದು ಎಳ್ಳು ಉದುರಿಸಿ ಕಾಗದದಲ್ಲಿ ಸುತ್ತಿಟ್ಟದ್ದು ಪಿನಾಸುಗ್ಬೊ. ಇಬೋಸ್ ತೆಂಗಿನ ಹಾಲಿನಲ್ಲಿ ಬೆಂದ ಅಂಟಕ್ಕಿಯ ಕಡುಬು. ನಮ್ಮ ಕರಾವಳಿಯ ಮೂಡೆಯಂತೆ ಇದನ್ನೂ ಎಳೆಯ ಗರಿಯ ಸುರುಳಿಯೊಳಗೆ ತುಂಬಿ ಬೇಯಿಸುತ್ತಾರೆ. ಗಿಮಾರಾಸ್‌ನ ಮಾವಿನಹಣ್ಣಿನೊಂದಿಗೆ ಇದು ಚೆನ್ನಾಗಿ ಹೊಂದುತ್ತದೆ. ನೆರೆಯ ಪವಿಯಾ ಪಟ್ಟಣದ ಬಾಯೆಬಾಯೆ ಅಕ್ಕಿ ಮತ್ತು ಎಳೆತೆಂಗನ್ನು ಕುಟ್ಟಿ ಮಾಡುವ ಸಿಹಿ.

ಜನವರಿಯ ನಾಲ್ಕನೆಯ ಭಾನುವಾರ ಮುಗಿಯುವ ದಿನಾಗ್ಯಾಂಗ್ ಹಬ್ಬದಲ್ಲಿ ಬೀದಿ ಆಹಾರ ತನ್ನ ಉತ್ತುಂಗ ಮುಟ್ಟುತ್ತದೆ. ವಾಹನ ಸಂಚಾರ ನಿಲ್ಲಿಸಿದ ರಸ್ತೆಗಳ ಮೇಲೆ ಕೆಂಡದ ಒಲೆಗಳು ಏಳುತ್ತವೆ. ಫೆಬ್ರುವರಿ 2ರ ಹಾರೊ ಚರ್ಚಿನ ಹಬ್ಬ ಮತ್ತೊಂದು ದೊಡ್ಡ ಸಂದರ್ಭ.

ಅಂಗಡಿ ಮತ್ತು ಹೋಟೆಲುಗಳ ಬಗೆಗಳು

ಕರಿಂದೆರಿಯಾ ಎಂಬುದು ಸಣ್ಣ ಊಟದ ಅಂಗಡಿ. ಬೆಳಿಗ್ಗೆಯೇ ಬೇಯಿಸಿದ ಅಡುಗೆಯನ್ನು ಪಾತ್ರೆಗಳಲ್ಲಿ ಗಾಜಿನ ಹಿಂದೆ ಸಾಲಾಗಿ ಇಟ್ಟಿರುತ್ತಾರೆ. ಗಿರಾಕಿ ಬೆರಳು ತೋರಿಸಿ ಅನ್ನದ ಜೊತೆ ಬೇಕಾದ್ದನ್ನು ಹಾಕಿಸಿಕೊಳ್ಳುತ್ತಾರೆ. ಕಚೇರಿ ನೌಕರರು, ವಿದ್ಯಾರ್ಥಿಗಳು, ಜೀಪ್ನಿ ಎಂಬ ಪ್ರಯಾಣಿಕ ವಾಹನಗಳ ಚಾಲಕರು ಮಧ್ಯಾಹ್ನ ಉಣ್ಣುವುದು ಇಲ್ಲಿಯೇ. ಬಾಚೊಯ್ ಅಂಗಡಿ ಒಂದೇ ಖಾದ್ಯಕ್ಕೆ ಮೀಸಲು. ಮನೊಕಾನ್ ಸುಟ್ಟ ಕೋಳಿಯ ಜಾಗ. ತಲಾಬಾಹಾನ್ ಕಡಲ ಅಂಚಿನ ಸಿಂಪಿ ಅಂಗಡಿ. ಚಿಪ್ಪು ಸಮೇತ ಬೇಯಿಸಿದ ಸಿಂಪಿಯನ್ನು ಸಿನಾಮಾಕ್ ಜೊತೆ ಕೊಡುತ್ತಾರೆ. ಅರೆವಾಲೊದ ವಿಯಾ ಕಡಲದಡದಲ್ಲಿ ಬ್ರೇಕ್‌ಥ್ರೂ ಮೊದಲಾದ ಸಮುದ್ರಾಹಾರದ ಹೋಟೆಲುಗಳಿವೆ.

ನಗರ ಕೇಂದ್ರದ ಹಳೆಯ ವ್ಯಾಪಾರ ಬೀದಿ ಕಾಯೆ ರಿಯಾಲ್‌ನಲ್ಲಿ ರಾಬರ್ಟೋಸ್ ಅಂಗಡಿಯ ಸಿಯೊಪಾವೊಗೆ ಜನ ಸಾಲು ನಿಲ್ಲುತ್ತಾರೆ. ಲಾ ಪಾಸ್ ಮಾರುಕಟ್ಟೆಯ ಒಳಗಿನ ಮ್ಯಾಡ್ಜ್ ಕೆಫೆ ಬಟ್ಟೆಯಲ್ಲಿ ಸೋಸಿದ ನಾಟಿ ಕಾಫಿಗೆ ಹೆಸರಾಗಿದೆ. ಬೇಕರಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಪನಾದೆರಿಯಾ ದೆ ಮೋಲೊ ಹಿರಿಯದು. ತೆಳುವಾದ ಗಯೆತಾಸ್, ಸುರುಳಿ ಬಿಸ್ಕತ್ತು ಬಾರ್ಕಿಯೋಸ್ ಇದರ ವಿಶೇಷ. ಹಾರೊದ ಬಿಸ್ಕೊಚೊ ಹೌಸ್ ಬೆಣ್ಣೆ ಸಕ್ಕರೆ ಸವರಿ ಮತ್ತೆ ಬೇಯಿಸಿದ ಬ್ರೆಡ್ಡು ಮತ್ತು ಬಟರ್‌ಸ್ಕಾಚ್ ತುಂಡುಗಳನ್ನು ಮಾರುತ್ತದೆ. ಊರಿಗೆ ಹೊರಟವರು ಕಟ್ಟಿಸಿಕೊಂಡು ಹೋಗುವುದು ಇವನ್ನೇ. ಅರೆವಾಲೊದಲ್ಲಿ 1865ರಲ್ಲಿ ಕಟ್ಟಿದ ಕಮಿನ್ಯಾ ಬಾಲಾಯ್ ಙಾ ಬಾತೊ ಎಂಬ ಕಲ್ಲಿನ ಮನೆ ಈಗ ವಸ್ತುಸಂಗ್ರಹಾಲಯ. ನೋಡಲು ಬಂದವರಿಗೆ ಅಲ್ಲಿ ಮಂದವಾದ ಬಿಸಿ ಚಾಕೊಲೇಟ್ ಪಾನೀಯ ಕೊಡುತ್ತಾರೆ.

ಸರಣಿ ಹೋಟೆಲುಗಳಲ್ಲಿ ಉಲ್ಲೇಖಾರ್ಹವಾದುದು ಮಾಂಗ್ ಇನಾಸಾಲ್. ಎಡ್ಗರ್ ಸಿಯಾ 2003ರಲ್ಲಿ ಇಲೊಯಿಲೊದ ಒಂದು ಮಾಲ್‌ನಲ್ಲಿ ಇದನ್ನು ತೆರೆದರು. ಸುಟ್ಟ ಕೋಳಿಗೆ ಬೇಕಾದಷ್ಟು ಅನ್ನ ಎಂಬ ಸೂತ್ರದ ಮೇಲೆ ಅದು ದೇಶವ್ಯಾಪಿಯಾಯಿತು. 2010ರಲ್ಲಿ ಜಾಲಿಬೀ ಸಂಸ್ಥೆ ಇದರ ಶೇ. 70ರಷ್ಟು ಪಾಲನ್ನು ಕೊಂಡು, 2016ರಲ್ಲಿ ಉಳಿದ ಶೇ. 30ನ್ನೂ ಪಡೆಯಿತು.

ಊಟದ ಕ್ರಮ

ಮೂರು ಹೊತ್ತಿನ ಊಟದ ನಡುವೆ ಬೆಳಿಗ್ಗೆ ಮತ್ತು ಮಧ್ಯಾಹ್ನ ಮೆರಿಯೆಂದಾ ಎಂಬ ಲಘು ತಿಂಡಿಯ ಹೊತ್ತುಗಳಿವೆ. ಸಾಮಾನ್ಯವಾಗಿ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್ ಹಿಡಿದು ಉಣ್ಣುತ್ತಾರೆ. ಇನಾಸಾಲ್ ಮತ್ತು ಸಮುದ್ರಾಹಾರಕ್ಕೆ ಕೈಯೇ ಸಾಧನ. ಊಟ ರುಚಿಯಾಗಿದ್ದರೆ ಹೇಳುವ ಮಾತು ‘ನಾಮಿತ್’.

ಸಸ್ಯಾಹಾರಿಗಳು ಇಲ್ಲಿ ಎಚ್ಚರದಿಂದಿರಬೇಕು. ತರಕಾರಿಯ ಲಾಸ್ವಾದಲ್ಲೂ ಸಾಮಾನ್ಯವಾಗಿ ಸೀಗಡಿ ಅಥವಾ ಗಿನಾಮೋಸ್ ಇರುತ್ತದೆ. ಹಲವು ಸಾರು ಮತ್ತು ಬೇಕರಿ ತಿನಿಸುಗಳಲ್ಲಿ ಹಂದಿಯ ಕೊಬ್ಬು ಸೇರುತ್ತದೆ. ಇಬೋಸ್, ಪಿನಾಸುಗ್ಬೊ, ತಾಹೊ, ಹಣ್ಣುಗಳು ಮತ್ತು ಎಳನೀರು ಅವರಿಗೆ ಹೊಂದುವ ಆಯ್ಕೆಗಳು.

ನಗರದ ಬೆಳವಣಿಗೆ ಮತ್ತು ಸದ್ಯದ ಸ್ಥಿತಿ

2007ರಲ್ಲಿ ಮಂಡುರಿಯಾವೊದ ಹಳೆಯ ವಿಮಾನ ನಿಲ್ದಾಣ ಮುಚ್ಚಿ, ನಗರದ ಹೊರಗೆ ಹೊಸದು ಆರಂಭವಾಯಿತು. ತೆರವಾದ ನೆಲದಲ್ಲಿ ಮೆಗಾವರ್ಲ್ಡ್ ಸಂಸ್ಥೆ ಸುಮಾರು 72 ಹೆಕ್ಟೇರಿನ ಇಲೊಯಿಲೊ ಬಿಸಿನೆಸ್ ಪಾರ್ಕ್ ಕಟ್ಟಿತು. ಕಾಲ್ ಸೆಂಟರುಗಳು ಮತ್ತು ಕಚೇರಿಗಳು ಬಂದಂತೆ ರಾತ್ರಿ ಪಾಳಿಯ ನೌಕರರಿಗಾಗಿ ತಡರಾತ್ರಿಯವರೆಗೆ ತೆರೆದಿರುವ ಹೋಟೆಲು, ಕೆಫೆ, ಬಾರುಗಳು ಹೆಚ್ಚಿದವು. ಮಂಡುರಿಯಾವೊದ ಕೊರಿಯನ್, ಜಪಾನಿ, ಇಟಾಲಿಯನ್ ಹೋಟೆಲುಗಳು ಈ ಹಂತದವು. ನದಿ ದಡವನ್ನು ಹಸನು ಮಾಡಿ 2012ರಲ್ಲಿ ಮೊದಲ ಭಾಗ ತೆರೆದ ಎಸ್ಪ್ಲನೇಡ್ ನಡೆದಾರಿ ಸಂಜೆಯ ಹೊತ್ತು ತಿನ್ನಲು, ತಿರುಗಲು ಜನ ಸೇರುವ ತಾಣವಾಯಿತು.

ಮಾರುಕಟ್ಟೆಗಳೂ ಬದಲಾಗುತ್ತಿವೆ. 2020ರ ದಶಕದಲ್ಲಿ ಸೆಂಟ್ರಲ್ ಮತ್ತು ಟರ್ಮಿನಲ್ ಮಾರುಕಟ್ಟೆಗಳ ಪುನರ್ನಿರ್ಮಾಣವನ್ನು ನಗರಾಡಳಿತ ಎಸ್‌ಎಂ ಪ್ರೈಮ್ ಸಂಸ್ಥೆಯ ಸಹಭಾಗಿತ್ವದಲ್ಲಿ ಕೈಗೆತ್ತಿಕೊಂಡಿತು. ಈ ನಗರದ ಹೆಸರಾಂತ ಖಾದ್ಯ ಮಾರುಕಟ್ಟೆಯ ಮಳಿಗೆಯಲ್ಲಿ ಹುಟ್ಟಿದ್ದರಿಂದ, ಹೊಸ ಕಟ್ಟಡಗಳಲ್ಲಿ ಸಣ್ಣ ವ್ಯಾಪಾರಿಗೆ ಮಳಿಗೆ ಸಿಗುವುದು ಆಹಾರ ಪರಂಪರೆಗೂ ಸಂಬಂಧಿಸಿದ ವಿಷಯ.

ಪೂರೈಕೆಯ ತೊಡಕುಗಳಲ್ಲಿ ದೊಡ್ಡದು ಆಫ್ರಿಕನ್ ಹಂದಿಜ್ವರ. 2022ರ ಅಕ್ಟೋಬರ್‌ನಲ್ಲಿ ನಗರಕ್ಕೆ ಹೊಂದಿಕೊಂಡ ಓಟೊನ್‌ನಲ್ಲಿ ಇದು ಪತ್ತೆಯಾಗಿ ಪನಾಯ್‌ನ ಹಂದಿ ಸಾಕಣೆಗೆ ಪೆಟ್ಟು ಕೊಟ್ಟಿತು. ಮೂಳೆಯಿಂದ ಚರ್ಮದವರೆಗೆ ಹಂದಿಯನ್ನೇ ನೆಚ್ಚಿದ ಬಾಚೊಯ್‌ನಂಥ ಖಾದ್ಯ ಇಂಥ ರೋಗಕ್ಕೆ ನೇರವಾಗಿ ತುತ್ತಾಗುತ್ತದೆ. ಕಡಲಿನಲ್ಲಿ ‘ಕೆಂಪು ಉಬ್ಬರ’ದ ವಿಷಪಾಚಿ ಹೆಚ್ಚಿದಾಗ ಸಿಂಪಿ ಮತ್ತಿತರ ಚಿಪ್ಪುಜೀವಿಗಳ ಮಾರಾಟವನ್ನು ಸರ್ಕಾರ ತಡೆಯುತ್ತದೆ. ಸಮಾಧಾನದ ಸಂಗತಿಯೆಂದರೆ, 2023ರಲ್ಲಿ ಗಿಮಾರಾಸ್ ಮಾವು ಫಿಲಿಪೈನ್ಸ್‌ನ ಮೊದಲ ಭೌಗೋಳಿಕ ಸೂಚಿಯಾಗಿ ನೋಂದಣಿಯಾಯಿತು.

ಇಲೊಯಿಲೊ ಸೇರಿದ ಅದೇ ವರ್ಷದ ಯುನೆಸ್ಕೊ ಪಟ್ಟಿಯಲ್ಲಿ ಭಾರತದ ಕೋಳಿಕ್ಕೋಡು ಸಾಹಿತ್ಯಕ್ಕೂ ಗ್ವಾಲಿಯರ್ ಸಂಗೀತಕ್ಕೂ ಆಯ್ಕೆಯಾದವು. ಪಾಕಕಲೆಯ ವಿಭಾಗದಲ್ಲಿ ಭಾರತದಿಂದ ಹೈದರಾಬಾದ್ 2019ರಲ್ಲೇ ಸೇರಿತ್ತು. ಈ ಜಾಲದ ನಗರಗಳು ನಾಲ್ಕು ವರ್ಷಗಳಿಗೊಮ್ಮೆ ತಮ್ಮ ಕೆಲಸದ ವರದಿಯನ್ನು ಯುನೆಸ್ಕೊಗೆ ಸಲ್ಲಿಸಬೇಕು.